ಮೌನ ತಳೆದ ತಂಬೂರಿ

ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಒಂದು ಹೋಬಳಿಯ ಊರು. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟ, ರೇಷ್ಮೆಹುಳುವಿನ ಮನೆ, ಗೂಡಿನ ಲೆಕ್ಕಾಚಾರ, ಇವು ದಿನನಿತ್ಯದ ಬದುಕು. ಈ ಸೀಮೆಗೆ ಇನ್ನೊಂದು ಸಂಪತ್ತೂ ಉಂಟು, ಅದು ಭಜನೆ. ನೆರೆಯ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಾಳಿದ ಯೋಗಿ ನಾರೇಯಣ ತಾತಯ್ಯನವರ ತತ್ತ್ವಪದಗಳು ಕನ್ನಡ ತೆಲುಗುಗಳೆರಡರಲ್ಲಿಯೂ ಇಲ್ಲಿ ಮನೆಮಾತಾಗಿವೆ. ತಾತಯ್ಯನವರು ೧೭೨೬ರಲ್ಲಿ ಜನಿಸಿದರೆಂದು ಪರಂಪರೆ ಹೇಳುತ್ತದೆ. ಬಳೆ ಮಾರುತ್ತಿದ್ದ ಗೃಹಸ್ಥರು ಯೋಗಿಗಳಾದ ಕಥೆ ಈ ಭಾಗದ ಮಕ್ಕಳಿಗೂ ಗೊತ್ತು. ಮನೆಮನೆಯ ಗೋಡೆಯ ಮೇಲಿನ ಚಿತ್ರಪಟದಲ್ಲಿ ತಾತಯ್ಯನವರ ಕೈಯಲ್ಲಿ ತಂಬೂರಿ ಇರುತ್ತದೆ. ಗುರುಪೂರ್ಣಿಮೆಯ ವೇಳೆಗೆ ಕೈವಾರದಲ್ಲಿ ಎಪ್ಪತ್ತೆರಡು ಗಂಟೆಗಳ ಕಾಲ ಎಡೆಬಿಡದೆ ಸಂಗೀತ ನಡೆಯುತ್ತದೆ.

ಚಿತ್ರದಲ್ಲಿ ತಂಬೂರಿ ಎಂದೂ ಕೆಡುವುದಿಲ್ಲ. ಆದರೆ ಮರದಿಂದ ಮಾಡಿದ ತಂಬೂರಿ ಕೆಡುತ್ತದೆ. ತಂತಿ ತುಕ್ಕು ಹಿಡಿಯುತ್ತದೆ, ಬಿರಡೆ ಜಾರುತ್ತದೆ, ಹಲಗೆ ಬಿರಿಯುತ್ತದೆ. ಒಂದು ದಿನ ಅದರ ದನಿ ಕೀರಲಾಗಿ ಕೇಳಿಸಿ, ಹಾಡುವವರು ಬೇಸತ್ತು ಅದನ್ನು ಮೊಳೆಗೆ ತೂಗುಹಾಕುತ್ತಾರೆ. ಅದರ ಜಾಗಕ್ಕೆ ವಿದ್ಯುತ್ತಿನ ಶ್ರುತಿಪೆಟ್ಟಿಗೆಯೊಂದು ಬರುತ್ತದೆ. ತೂಗುಹಾಕಿದ ವಾದ್ಯಕ್ಕೆ ಪೂಜೆಯ ದಿನ ಅರಿಸಿನ ಕುಂಕುಮ ಸಲ್ಲುತ್ತದೆಯೇ ಹೊರತು ಬೆರಳಿನ ಸ್ಪರ್ಶ ಸಲ್ಲುವುದಿಲ್ಲ. ಹೀಗೆ ಮೌನ ತಳೆದ ತಂಬೂರಿಗಳೆಲ್ಲ ನಿಜವಾಗಿ ಸತ್ತವೆ? ಇಲ್ಲ ಎಂಬುದೇ ಬಲ್ಲವರ ಉತ್ತರ. ಅವುಗಳಲ್ಲಿ ಬಹುಪಾಲು ಒಂದೆರಡು ದಿನದ ಆರೈಕೆಯಿಂದ ಮತ್ತೆ ನುಡಿಯಬಲ್ಲವು. ಆದರೆ ಯಾವ ಅಂಗವನ್ನು ಬದಲಿಸಬೇಕು, ಯಾವುದನ್ನು ಮುಟ್ಟಬಾರದು ಎಂಬ ವಿವೇಕ ಬೇಕು.

ದನಿ ಹುಟ್ಟುವ ಬಗೆ

ತಂತಿ ತಾನಾಗಿಯೇ ದೊಡ್ಡ ದನಿಯನ್ನು ಮಾಡಲಾರದು. ಎರಡು ಮೊಳೆಗಳ ನಡುವೆ ಬಿಗಿದ ಒಂಟಿ ತಂತಿಯನ್ನು ಮೀಟಿದರೆ ಪಕ್ಕದಲ್ಲಿ ಕುಳಿತವನಿಗೂ ಸರಿಯಾಗಿ ಕೇಳಿಸುವುದಿಲ್ಲ. ಅಷ್ಟು ಸಣ್ಣ ಎಳೆ ಗಾಳಿಯನ್ನು ಎಷ್ಟು ತಾನೆ ಕದಲಿಸೀತು! ಆ ನಡುಕವನ್ನು ಕುದುರೆಯು ಹೊತ್ತು ಮೇಲುಹಲಗೆಗೆ ಮುಟ್ಟಿಸುತ್ತದೆ. ಅಗಲವಾದ ಹಲಗೆಯೂ ಬುರುಡೆಯೊಳಗಿನ ಗಾಳಿಯೂ ಒಟ್ಟಾಗಿ ನಡುಗಿದಾಗ ನಾದವು ಚಾವಡಿಯನ್ನು ತುಂಬುತ್ತದೆ. ನಮ್ಮ ಆಡುನುಡಿಯಲ್ಲಿ 'ಬುರುಡೆ' ಎಂದರೆ ಹುರುಳಿಲ್ಲದ ಮಾತು. ವಾದ್ಯದಲ್ಲಾದರೋ ಬುರುಡೆಯ ಟೊಳ್ಳೇ ಹುರುಳು.

ಕನ್ನಡಿಗರಿಗೆ ಈ ಅಂಗಗಳ ಪರಿಚಯ ಹೊಸದಲ್ಲ. ಹನ್ನೆರಡನೆಯ ಶತಮಾನದ ಬಸವಣ್ಣನವರ ವಚನವೊಂದು ತನ್ನ ಮೈಯನ್ನೇ ವಾದ್ಯವೆಂದು ಭಾವಿಸಿ, ದೇಹದ ಅಂಗಗಳನ್ನು ವಾದ್ಯದ ಅಂಗಗಳೊಡನೆ ಹೊಂದಿಸಿ ಹೇಳುತ್ತದೆ. ದಂಡಿಗೆ, ಸೋರೆ, ತಂತಿ ಎಂಬ ಮಾತುಗಳು ಅಂದಿಗೇ ಸಾಮಾನ್ಯರಿಗೆ ತಿಳಿದಿರದಿದ್ದರೆ ಆ ಹೋಲಿಕೆ ಯಾರ ಮನಸ್ಸನ್ನೂ ಮುಟ್ಟುತ್ತಿರಲಿಲ್ಲ.

ದನಿಯನ್ನು ಹಿಗ್ಗಿಸುವ ಈ ಹಂಬಲ ಒಂದು ದೇಶದ್ದಲ್ಲ. ೧೯೨೦ರ ದಶಕದ ಅಮೆರಿಕದಲ್ಲಿ ಗಿಟಾರು ನುಡಿಸುವವರಿಗೆ ಒಂದು ಸಂಕಟವಿತ್ತು. ತುತ್ತೂರಿ, ನಗಾರಿಗಳ ಗದ್ದಲದ ನಡುವೆ ಅವರ ಮರದ ಗಿಟಾರು ಯಾರಿಗೂ ಕೇಳಿಸುತ್ತಿರಲಿಲ್ಲ. ವಿದ್ಯುತ್ತಿನ ಗಿಟಾರು ಇನ್ನೂ ಬಂದಿರಲಿಲ್ಲ. ಲಾಸ್ ಏಂಜಲೀಸ್ ನಗರದಲ್ಲಿ ನೆಲೆಸಿದ್ದ ಸ್ಲೊವಾಕ್ ಮೂಲದ ಜಾನ್ ಡೋಪ್ಯೆರಾ ಎಂಬ ಕುಶಲಿ ಇದಕ್ಕೆ ಉಪಾಯ ಹುಡುಕಿದ. ಗಿಟಾರಿನ ಹೊಟ್ಟೆಯೊಳಗೆ ತೆಳುವಾದ ಅಲ್ಯೂಮಿನಿಯಂ ತಗಡಿನ ಮೂರು ಶಂಕುಗಳನ್ನು ಕೂರಿಸಿ, ಕುದುರೆಯ ಭಾರವನ್ನು ಅವುಗಳ ಮೇಲೆ ಹೊರಿಸಿದ. ೧೯೨೭ರಲ್ಲಿ 'ನ್ಯಾಷನಲ್' ಎಂಬ ಹೆಸರಿನಲ್ಲಿ ಆ ಗಿಟಾರು ಮಾರುಕಟ್ಟೆಗೆ ಬಂತು. ಮರುವರ್ಷ ಆತ ಆ ಸಂಸ್ಥೆಯನ್ನು ಬಿಟ್ಟು ಸೋದರರೊಡನೆ 'ಡೋಬ್ರೋ' ಎಂಬ ಇನ್ನೊಂದು ಬಗೆಯನ್ನು ಹೊರತಂದ. ಡೋಪ್ಯೆರಾ ಬ್ರದರ್ಸ್ ಎಂಬುದರ ಮೊದಲಕ್ಷರಗಳನ್ನು ಕೂಡಿಸಿದ ಹೆಸರದು; ಸ್ಲೊವಾಕ್ ನುಡಿಯಲ್ಲಿ ಅದಕ್ಕೆ 'ಒಳ್ಳೆಯದು' ಎಂಬ ಅರ್ಥವೂ ಇದೆ. ಅದರಲ್ಲಿ ತಗಡಿನ ಶಂಕು ತಟ್ಟೆಯಂತೆ ಮೇಲ್ಮುಖವಾಗಿರುತ್ತದೆ; ಅದರ ಮೇಲೆ ಎಂಟು ಕಾಲಿನ ಜೇಡದಂತಹ ಲೋಹದ ಚೌಕಟ್ಟು ಕುದುರೆಯನ್ನು ಹೊತ್ತಿರುತ್ತದೆ.

ತಂಬೂರಿಗೂ ಈ ತಗಡಿನ ಗಿಟಾರಿಗೂ ಹುಟ್ಟೂರು ಬೇರೆ, ರೂಪ ಬೇರೆ. ಆದರೆ ರಿಪೇರಿಯ ವಿಷಯಕ್ಕೆ ಬಂದರೆ ಎರಡೂ ಅಣ್ಣತಮ್ಮಂದಿರು. ಗಿಟಾರಿನ ಶಂಕುವನ್ನು ಅಂಟು ಹಾಕಿ ಕೂರಿಸುವುದಿಲ್ಲ. ಅದು ಒಂದು ಅಂಚಿನ ಮೇಲೆ ಸುಮ್ಮನೆ ಕುಳಿತಿರುತ್ತದೆ, ತಂತಿಗಳ ಒತ್ತಡವೇ ಅದನ್ನು ಹಿಡಿದಿರುತ್ತದೆ. ಹಲವು ತಂಬೂರಿಗಳ ಕುದುರೆಯೂ ಹಾಗೆಯೇ. ಎಲ್ಲ ತಂತಿಗಳನ್ನೂ ಒಮ್ಮೆಗೇ ಸಡಿಲಿಸಿದವನ ಕೈಗೆ ಎರಡು ಕಡೆಯೂ ಒಂದೇ ಫಲ: ಕುದುರೆ ತನ್ನ ಜಾಗವನ್ನು ಬಿಟ್ಟು ಸರಿಯುತ್ತದೆ. ಅದನ್ನು ಮತ್ತೆ ಮೊದಲಿನ ನೆಲೆಗೆ ತರುವುದು ಸುಲಭದ ಮಾತಲ್ಲ. ಆದ್ದರಿಂದ ಹಳೆಯ ತಂತಿಯನ್ನು ಒಂದೊಂದಾಗಿ ತೆಗೆದು ಒಂದೊಂದಾಗಿಯೇ ಹೊಸದನ್ನು ಬಿಗಿಯಬೇಕು. ಎಲ್ಲವನ್ನೂ ತೆಗೆಯಲೇಬೇಕಾದಾಗ ಕುದುರೆಯ ಸುತ್ತ ಮೊದಲು ಸೀಸದಕಡ್ಡಿಯಿಂದ ಗುರುತು ಹಾಕಿಕೊಳ್ಳಬೇಕು.

ರೋಗ ಎಲ್ಲಿದೆ?

"ಆಚಾರ್ರೇ, ಇದರ ಆಯಸ್ಸು ಮುಗೀತೇನೋ ನೋಡಿ" ಎಂದು ಭಜನೆಯ ಯಜಮಾನರು ತಂಬೂರಿಯನ್ನು ತಂದು ಇಡುತ್ತಾರೆ. "ಗಂಟಲು ಕಟ್ಟಿದೆ ಯಜಮಾನ್ರೇ, ಉಸಿರೇನೂ ನಿಂತಿಲ್ಲ" ಎಂಬುದು ಅನುಭವಸ್ಥ ಆಚಾರಿಯ ಉತ್ತರ. ಆತ ಒಡನೆಯೇ ಉಳಿಯನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಮೊದಲು ಕಿವಿಯ ಕೆಲಸ. ಬುರುಡೆಯನ್ನೂ ಹಲಗೆಯನ್ನೂ ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ನೋಡುತ್ತಾನೆ. ಗಟ್ಟಿಯಾಗಿ ಕೂಡಿಕೊಂಡಿರುವ ಕಡೆ ತುಂಬಿದ ದನಿ; ಬೆಸುಗೆ ಬಿಟ್ಟ ಕಡೆ ಒಡೆದ ಮಡಕೆಯ ದನಿ. ಆಮೇಲೆ ಒಂದೊಂದೇ ತಂತಿಯನ್ನು ಮೀಟಿ, ಉಳಿದವನ್ನು ಅಂಗೈಯಿಂದ ಅದುಮಿ ಹಿಡಿದು, ಬೇಡದ ಗರಗರ ಸದ್ದು ಯಾವುದರಿಂದ ಬರುತ್ತದೆ ಎಂಬುದನ್ನು ಗೊತ್ತುಮಾಡಿಕೊಳ್ಳುತ್ತಾನೆ. ದೊಡ್ಡ ರೋಗವೆಂದು ತೋರುವುದು ಎಷ್ಟೋ ವೇಳೆ ಸಡಿಲವಾದ ಒಂದು ಮಣಿಯಿಂದ ಆಗಿರುತ್ತದೆ.

ಬಿರಡೆಯ ತೊಂದರೆ ಎಲ್ಲಕ್ಕಿಂತ ಸಾಮಾನ್ಯ. ಶ್ರುತಿ ಸೇರಿಸಿ ಕೈಬಿಟ್ಟ ಕೂಡಲೆ ತಿರುಗಿ ಇಳಿಯುವ ಬಿರಡೆಗೆ ಸೀಮೆಸುಣ್ಣದ ಪುಡಿ ಹಚ್ಚಿದರೆ ಹಿಡಿತ ಬರುತ್ತದೆ. ಬಿಗಿಯಾಗಿ ಕಚ್ಚಿಕೊಂಡು ತಿರುಗದ ಬಿರಡೆಗೆ ಒಣ ಸಾಬೂನನ್ನು ತುಸು ಉಜ್ಜುತ್ತಾರೆ. ಅದಕ್ಕೂ ಬಗ್ಗದಿದ್ದರೆ ತೂತು ಸವೆದು ಗುಂಡಗಿಲ್ಲವಾಗಿದೆ ಎಂದೇ ಅರ್ಥ. ಆಗ ತೂತನ್ನು ಸಮನಾಗಿ ಕೆತ್ತಿ ತುಸು ದಪ್ಪನಾದ ಹೊಸ ಬಿರಡೆಯನ್ನು ಕೂರಿಸಬೇಕು. ತೂತು ಮೊದಲೇ ಬಲು ದೊಡ್ಡದಾಗಿದ್ದರೆ ಗಟ್ಟಿಮರದ ತುಂಡನ್ನು ತುಂಬಿ ಮತ್ತೆ ಕೊರೆಯಬೇಕು. ಬಿರಡೆಯೂ ತೂತೂ ಒಂದೇ ಓರೆಯಲ್ಲಿ ಸಣ್ಣಗಾಗುತ್ತ ಹೋಗಬೇಕೆಂಬುದೇ ಇಲ್ಲಿಯ ಗುಟ್ಟು. ಎರಡರ ಓರೆ ಬೇರೆಯಾದರೆ ಬಿರಡೆ ಒಂದು ತುದಿಯಲ್ಲಿ ಮಾತ್ರ ಹಿಡಿದು ಇನ್ನೊಂದು ತುದಿಯಲ್ಲಿ ಅಲುಗಾಡುತ್ತದೆ.

ಹಲಗೆಯ ಬಿರುಕಿನ ಚಿಕಿತ್ಸೆ ಬೇರೆ. ತಂಬೂರಿಯ ಮರ ಸಾಮಾನ್ಯವಾಗಿ ಹಲಸು. ಮಳೆಗಾಲದ ತೇವವನ್ನು ಹೀರಿ ಹಿಗ್ಗಿ, ಬೇಸಗೆಯ ಒಣಹವೆಯಲ್ಲಿ ಕುಗ್ಗುವುದು ಮರದ ಸ್ವಭಾವ. ತಗಡಿನ ಮಾಡಿನ ಕೆಳಗೆ ತೂಗುಹಾಕಿದ ವಾದ್ಯಕ್ಕೆ ಈ ಹಿಗ್ಗು ಕುಗ್ಗು ಇನ್ನೂ ಹೆಚ್ಚು. ಸಣ್ಣ ಬಿರುಕಿಗೆ ಅಂಟು ತುಂಬಿ ಬಿಗಿದು ಕಟ್ಟಿದರೆ ಸಾಕು. ಅಗಲವಾದುದಕ್ಕೆ ಅದೇ ಜಾತಿಯ ಮರದ ಎಸಳನ್ನು ಕೆತ್ತಿ ಸೇರಿಸಿ, ಒಳಗಿನಿಂದ ಸಣ್ಣ ಪಟ್ಟಿಗಳ ಆಧಾರ ಕೊಡಬೇಕು. ಮರದ ಹೊಟ್ಟಿಗೆ ಅಂಟು ಕಲಸಿ ಮೆತ್ತಿದರೆ ಕಣ್ಣಿಗೆ ಬಿರುಕು ಕಾಣಿಸದು. ಆದರೆ ಕಿವಿ ಮೋಸಹೋಗುವುದಿಲ್ಲ.

ಅಂಟಿನ ವಿಷಯದಲ್ಲಿ ಹಳಬರ ಆಯ್ಕೆ ವಿಚಾರಪೂರ್ಣವಾದುದು. ಪ್ರಾಣಿಗಳ ಚರ್ಮವನ್ನು ಕುದಿಸಿ ಮಾಡಿದ ಅಂಟನ್ನು ಅವರು ಬಿಸಿಯಾಗಿ ಬಳಸುತ್ತಿದ್ದರು. ಅದಕ್ಕೆ ಮತ್ತೆ ಬಿಸಿಯೂ ತೇವವೂ ತಾಗಿದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಇದು ದೋಷವೆಂದು ತೋರಬಹುದು. ಆದರೆ ಐವತ್ತು ವರ್ಷಗಳ ಅನಂತರ ವಾದ್ಯವನ್ನು ಬಿಚ್ಚಬೇಕಾದ ಇನ್ನೊಬ್ಬ ಆಚಾರಿಗೆ ಅದೇ ವರ. ಇಂದಿನ ಕೆಲವು ಅಂಟುಗಳು ಮರವೇ ಸೀಳಿದರೂ ಬಿಡುವುದಿಲ್ಲ. ಅಂತಹ ಅಂಟು ಹಾಕಿದ ಜಾಗವನ್ನು ಮುಂದೆ ರಿಪೇರಿ ಮಾಡುವುದೆಂದರೆ ಒಡೆಯುವುದೆಂದೇ ಅರ್ಥ.

ಕುದುರೆಯ ಮೇಲಿನ ಎಳೆ

ಇಷ್ಟೆಲ್ಲ ಸರಿಯಾದ ಮೇಲೂ ತಂಬೂರಿ ಕೆಲವೊಮ್ಮೆ ಬರಿಯ 'ಟಣ್' ಎಂದು ನುಡಿದು ಸುಮ್ಮನಾಗುತ್ತದೆ. ಹಾಡುವವನ ಬೆನ್ನಿಗೆ ನಿಂತು ಗುಂಯ್ ಎಂದು ಹಬ್ಬುವ ನಾದ ಹುಟ್ಟುವುದಿಲ್ಲ. ಆಗ ನೋಡಬೇಕಾದುದು ಕುದುರೆಯ ನೆತ್ತಿಯನ್ನು. ಪಿಟೀಲಿನ ಕುದುರೆಯಂತೆ ತಂಬೂರಿಯ ಕುದುರೆ ಚೂಪಾಗಿಲ್ಲ; ಅದು ಅಗಲವಾಗಿ, ಕಣ್ಣಿಗೆ ಕಂಡೂ ಕಾಣದಷ್ಟು ಬಾಗಿಕೊಂಡಿದೆ. ತಂತಿಯು ನಡುಗುವಾಗ ಆ ಬಾಗಿನ ಮೇಲೆ ಮತ್ತೆ ಮತ್ತೆ ತಾಗಿ ಬಿಡುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದು ದಾರದ ಎಳೆಯನ್ನು ಸಿಕ್ಕಿಸಿ, ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಸರಿಸುತ್ತ ಹೋದರೆ, ಒಂದು ಕಡೆ ಫಕ್ಕನೆ ನಾದ ಅರಳುತ್ತದೆ. ಸಂಗೀತಗಾರರು ಈ ಎಳೆಗೆ ಇಟ್ಟಿರುವ ಹೆಸರು 'ಜೀವ'. ಇದಕ್ಕಿಂತ ಉಚಿತವಾದ ಹೆಸರು ಸಿಕ್ಕದು.

ಈ ಚಮತ್ಕಾರದ ಬೆನ್ನು ಹತ್ತಿದವರಲ್ಲಿ ಸರ್ ಸಿ. ವಿ. ರಾಮನ್ ಪ್ರಮುಖರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದು ಎಂಬುದು ಯೂರೋಪಿನ ವಿಜ್ಞಾನಿಗಳು ಕಂಡುಕೊಂಡ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಆ ಉಪಸ್ವರಗಳೂ ಸ್ಪಷ್ಟವಾಗಿ ಕೇಳಿಸುತ್ತವೆ ಎಂಬುದನ್ನು ರಾಮನ್ ಅವರು ೧೯೨೧ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಇದಕ್ಕೆ ಕಾರಣ ಕುದುರೆಯ ವಿಶಿಷ್ಟ ಆಕಾರವೆಂದು ವಿವರಿಸಿದರು. ಪಾಠಶಾಲೆಯ ಮುಖವನ್ನೇ ಕಾಣದ ನಮ್ಮ ಹಳೆಯ ಕುಶಲಿಗಳು ಅರ ಹಿಡಿದು ಸಾಧಿಸಿದ್ದನ್ನು ವಿಜ್ಞಾನ ಹೀಗೆ ಗುರುತಿಸಿತು.

ವರ್ಷಗಟ್ಟಲೆ ತಂತಿ ತಾಗಿ ತಾಗಿ ಕುದುರೆಯ ನೆತ್ತಿಯಲ್ಲಿ ಗೀರು ಬೀಳುತ್ತದೆ. ಗೀರಿನಲ್ಲಿ ಸಿಕ್ಕಿದ ತಂತಿ ಬಾಗಿನ ಮೇಲೆ ಆಡಲಾರದು; ದಾರವನ್ನು ಎಲ್ಲಿಗೆ ಸರಿಸಿದರೂ ನಾದ ಅರಳದು. ಆಗ ನೆತ್ತಿಯನ್ನು ಅರದಿಂದಲೂ ಉಪ್ಪುಕಾಗದದಿಂದಲೂ ತೀಡಿ ಮತ್ತೆ ಬಾಗನ್ನು ತರಬೇಕು. ಎರಡು ಸಲ ತೀಡುವುದು, ಒಂದು ಸಲ ತಂತಿ ಏರಿಸಿ ಕೇಳುವುದು, ಮತ್ತೆ ಇಳಿಸಿ ತೀಡುವುದು, ಹೀಗೆ ಒಂದು ಹಗಲೇ ಕಳೆದುಹೋಗಬಹುದು. ಒಂದು ಸಲ ಹೆಚ್ಚಾಗಿ ತೀಡಿದರೆ ಹೋದ ಮರ ಮರಳಿ ಬರುವುದಿಲ್ಲ. ರಿಪೇರಿಯ ಕೆಲಸಗಳಲ್ಲೆಲ್ಲ ಇದೇ ಕಠಿನವಾದುದು. ಹಣ ಕೊಡುವವನಿಗೆ ಕೆಲಸ ಕಣ್ಣಿಗೆ ಕಾಣಿಸದಿರುವುದರಿಂದ, ಕೂಲಿಯ ವಿಷಯದಲ್ಲಿ ಅತ್ಯಂತ ಅನ್ಯಾಯಕ್ಕೆ ಗುರಿಯಾಗುವುದೂ ಇದೇ.

ಇನ್ನು ಆ ಎಳೆಯ ಮಾತು. ಹತ್ತಿಯ ದಾರವೂ ಆಗುತ್ತದೆ, ರೇಷ್ಮೆಯ ದಾರವೂ ಆಗುತ್ತದೆ. ಗೂಡಿನಿಂದ ಬಿಚ್ಚಿದ ಒಂಟಿ ಎಳೆ ಬಲು ತೆಳುವಾದ್ದರಿಂದ ಅದನ್ನು ಕೆಲವು ಎಳೆ ಸೇರಿಸಿ ಹುರಿ ಮಾಡಿಕೊಳ್ಳಬೇಕು. ನಾಡಿಗೆಲ್ಲ ರೇಷ್ಮೆಯ ಗೂಡನ್ನು ಒದಗಿಸುವ ಶಿಡ್ಲಘಟ್ಟದ ಸೀಮೆಯಲ್ಲಿ ಗೇಣುದ್ದದ ರೇಷ್ಮೆಯ ಎಳೆಯಿಲ್ಲದೆ ತಂಬೂರಿಯೊಂದು ಮೂಕವಾಗಿ ಕುಳಿತಿದ್ದರೆ ಅದಕ್ಕಿಂತ ವಿಚಿತ್ರವಾದ ಬಡತನ ಉಂಟೆ?

ಬದಲಿಸುವುದು, ಬಿಡುವುದು

ವಾದ್ಯದ ಅಂಗಗಳಲ್ಲಿ ಎರಡು ಬಗೆ. ತಂತಿ, ದಾರ, ಮಣಿ, ಬಿರಡೆ, ಕುದುರೆ, ಇವು ಸವೆಯುವುದಕ್ಕೆಂದೇ ಇರುವ ಅಂಗಗಳು. ಹೊಸದಾಗಿ ಹಾಕಿದರೆ ವಾದ್ಯಕ್ಕೆ ಲಾಭವೇ. ಬುರುಡೆ, ದಂಡಿ, ಮೇಲುಹಲಗೆ, ಇವು ವಾದ್ಯದ ಒಡಲು. ಇವನ್ನು ಬದಲಿಸಿದರೆ ಉಳಿಯುವುದು ಹಳೆಯ ಹೆಸರು, ಹೊಸ ವಾದ್ಯ. ಅಮೆರಿಕದ ತಗಡಿನ ಗಿಟಾರನ್ನು ಕಾಪಾಡುವವರಲ್ಲಿಯೂ ಇದೇ ಚರ್ಚೆ. ಶಂಕು ಕುಸಿದಿದ್ದರೆ ಹೊಸದನ್ನು ಹಾಕುತ್ತಾರೆ; ಆದರೆ ಕುಸಿಯದ ಹಳೆಯ ಶಂಕುವನ್ನು ಹೊಸತಿನ ಮೋಹಕ್ಕೆ ಬಿಸುಡುವುದಿಲ್ಲ, ಏಕೆಂದರೆ ಆ ಗಿಟಾರಿನ ಕಂಠ ಅದರಲ್ಲಿಯೇ ಇದೆ.

ವೀಣೆಯಲ್ಲಿ ಈ ಭೇದ ಇನ್ನೂ ಸೊಗಸಾಗಿ ಕಾಣುತ್ತದೆ. ಅದರ ದೊಡ್ಡ ಕೊಡ ಒಡಲಿನ ಭಾಗ. ದಂಡಿಯ ಇನ್ನೊಂದು ತುದಿಯ ಕೆಳಗಿರುವ ಸಣ್ಣ ಬುರುಡೆಯನ್ನು ಮಾತ್ರ ತಿರುಪಿ ತೆಗೆಯಬಹುದು. ಸೋರೆಯದು ಒಡೆದರೆ ಕಾಗದದ ರೊಟ್ಟಿನದೋ ಇನ್ನಾವುದೋ ಹಗುರವಾದುದನ್ನು ಹಾಕಬಹುದು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳು ಕಪ್ಪು ಮೇಣದಲ್ಲಿ ನಿಂತಿರುತ್ತವೆ. ಬಿಸಿಲಿಗೆ ಮೇಣ ಮೆತ್ತಗಾಗಿ ಮೆಟ್ಟಿಲು ಸರಿದರೆ ಸ್ವರಸ್ಥಾನವೇ ತಪ್ಪುತ್ತದೆ. ಹಳೆಯ ಮೇಣವನ್ನು ತೆಗೆದು ಮತ್ತೆ ಮೇಳ ಕಟ್ಟುವವನಿಗೆ ಕೈಯಷ್ಟೇ ಅಲ್ಲ, ಸ್ವರಜ್ಞಾನವಿರುವ ಕಿವಿಯೂ ಬೇಕು.

ಕಸುಬಿನ ನಾಳೆ

ಇಂತಹ ಕೈಗಳು ಎಲ್ಲಿವೆ? ಜಂಗಮಕೋಟೆಯವರಿಗೆ ತೀರ ದೂರವಲ್ಲದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ಮಾಡುವ ಊರೆಂದು ಹೆಸರಾಗಿದೆ. ಪೆನ್ನ ಓಬಳಯ್ಯನವರ ಹೆಸರು ಆ ಊರಿನ ವೀಣೆಯೊಡನೆ ಬೆರೆತುಹೋಗಿದೆ. ಹಲಸಿನ ಮರವನ್ನು ಕೊರೆದು ಕೊಡವಾಗಿಸುವ ಕೆಲಸ ಅಲ್ಲಿ ನಡೆದುಬಂದಿದೆ. ತಂಜಾವೂರಿನ ವೀಣೆಗೆ ೨೦೧೩ರಲ್ಲಿಯೂ, ಮಹಾರಾಷ್ಟ್ರದ ಮೀರಜಿನ ಸಿತಾರು ತಂಬೂರಿಗಳಿಗೆ ೨೦೨೪ರಲ್ಲಿಯೂ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಮನ್ನಣೆ ಸಂತೋಷದ ವಿಷಯವೇ. ಆದರೆ ಅದು ಹೊಸ ವಾದ್ಯಕ್ಕೆ ಸಲ್ಲುವ ಮನ್ನಣೆ. ಹಳೆಯದನ್ನು ಬದುಕಿಸುವವನಿಗೆ ಯಾವ ಗುರುತೂ ಇಲ್ಲ. ಹೊಸ ತಂಬೂರಿ ಮಾರಿದರೆ ಕೈತುಂಬ ಹಣ. ಕುದುರೆ ತೀಡಿ ಕೊಟ್ಟರೆ ಹರಸಿ ಕೊಟ್ಟ ನಾಲ್ಕು ಕಾಸು. ಮಗ ಈ ಕೆಲಸವನ್ನು ಕಲಿಯಲಿ ಎಂದು ಯಾವ ತಂದೆ ತಾನೆ ಹೇಳಿಯಾನು?

ವಿದ್ಯುತ್ತಿನ ತಂಬೂರಿ ಹುಟ್ಟಿದುದೂ ನಮ್ಮ ಬೆಂಗಳೂರಿನಲ್ಲಿಯೇ. ಜಿ. ರಾಜನಾರಾಯಣ ಅವರು ೧೯೭೯ರಲ್ಲಿ ಅದನ್ನು ರೂಪಿಸಿದರು. ಒಂಟಿಯಾಗಿ ಅಭ್ಯಾಸ ಮಾಡುವ ವಿದ್ಯಾರ್ಥಿಗೂ, ಊರೂರು ತಿರುಗುವ ವಿದ್ವಾಂಸರಿಗೂ ಅದರಿಂದ ಆದ ಉಪಕಾರ ಸಣ್ಣದಲ್ಲ. ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಅದರಿಂದ ಒಂದು ನಷ್ಟವೂ ಉಂಟಾಯಿತು. ತಂಬೂರಿಯನ್ನು ಶ್ರುತಿ ಸೇರಿಸುವವನು ಪ್ರತಿದಿನವೂ ತನ್ನ ಕಿವಿಯನ್ನು ತೀಡಿಕೊಳ್ಳುತ್ತಿದ್ದ. ಪಂಚಮ, ನಡುವಣ ಎರಡು ಷಡ್ಜಗಳು, ಮಂದ್ರ, ಈ ನಾಲ್ಕನ್ನೂ ಒಂದರೊಳಗೊಂದು ಕರಗಿಸುವ ಹೊತ್ತಿಗೆ ಅವನ ಮನಸ್ಸೂ ಹದಕ್ಕೆ ಬರುತ್ತಿತ್ತು. ಗುಂಡಿ ಒತ್ತಿದ ಬೆರಳಿಗೆ ಆ ಶಿಕ್ಷಣ ಸಿಕ್ಕುವುದಿಲ್ಲ. ತಂಬೂರಿಯ ದೋಷವನ್ನು ಗುರುತಿಸುವ ಕಿವಿಯೇ ಊರಿನಲ್ಲಿ ಇಲ್ಲವಾದ ಮೇಲೆ ರಿಪೇರಿಯನ್ನು ಕೇಳುವವರು ಯಾರು, ಮಾಡುವವರು ಯಾರು?

ಭಜನೆಯ ಮಂದಿರಗಳು ಮನಸ್ಸು ಮಾಡಿದರೆ ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ. ಮೂರು ಉಕ್ಕಿನ ತಂತಿ, ಒಂದು ಹಿತ್ತಾಳೆಯ ತಂತಿ, ನಾಲ್ಕು ಮಣಿ, ಸೀಮೆಸುಣ್ಣದ ಒಂದು ತುಂಡು, ಹುರಿ ಮಾಡಿದ ರೇಷ್ಮೆದಾರದ ಒಂದು ಉಂಡೆ, ಇಷ್ಟು ಒಂದು ಡಬ್ಬಿಯಲ್ಲಿದ್ದರೆ ಸಣ್ಣ ಕಾಯಿಲೆಗಳೆಲ್ಲ ಊರಿನಲ್ಲಿಯೇ ವಾಸಿಯಾಗುತ್ತವೆ. ಬಹುಕಾಲ ನುಡಿಸದಿದ್ದರೆ ತಂತಿಯನ್ನು ತುಸು ಸಡಿಲಿಸಿಡಬೇಕು. ತೇವದ ಗೋಡೆಗೆ ಒರಗಿಸಬಾರದು. ಬಟ್ಟೆಯ ಗವಸು ಹಾಕಿಡಬೇಕು. ಗೆದ್ದಲು, ಕುಟ್ಟೆಹುಳು ಬಂದಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಊರಿನ ಒಬ್ಬ ಹುಡುಗನಿಗಾದರೂ ತಂತಿ ಕಟ್ಟುವುದನ್ನೂ ಜೀವ ಕೂರಿಸುವುದನ್ನೂ ಹಿರಿಯರು ಕಲಿಸಿಕೊಡಬೇಕು. ಕುದುರೆ ಸವೆದಾಗ, ಹಲಗೆ ಬಿರಿದಾಗ ಮಾತ್ರ ಬಲ್ಲವರ ಬಳಿಗೆ ಒಯ್ದು, ಅವರು ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಟ್ಟು ಬರಬೇಕು. ಆ ಕೂಲಿ ಒಂದು ವಾದ್ಯಕ್ಕೆ ಕೊಟ್ಟದ್ದಲ್ಲ, ಒಂದು ಕಸುಬು ಇನ್ನೊಂದು ತಲೆಮಾರು ಉಳಿಯಲೆಂದು ಕೊಟ್ಟದ್ದು.